ಕೊಂದವರು ಯಾರೆಂದು ಹೇಳುವುದಿಲ್ಲ

ಥ್ರಿಲ್ಲರ್ ಸಿನಿಮಾದ ಕೊನೆಯನ್ನು ಯಾರೂ ಕೇಳದಿದ್ದರೂ ಹೇಳಿಬಿಡುವವರು ಒಂದು ಕಡೆ, ಹೇಳು ಹೇಳು ಎಂದು ಗಂಟುಬೀಳುವವರು ಇನ್ನೊಂದು ಕಡೆ. ಇವರಿಬ್ಬರ ನಡುವೆ ಸಿಕ್ಕಿಕೊಂಡವನಿಗೆ ಇಂಥ ಪ್ರಸಂಗಗಳು ತಿಂಗಳಿಗೆ ಒಂದೆರಡಾದರೂ ಎದುರಾಗುತ್ತವೆ. ನನಗಂತೂ ಆಗುತ್ತಲೇ ಇವೆ.

ನಾನು ಮಾತು ಕಡಿಮೆಯ ಮನುಷ್ಯ. ಮನೆ ಕಲಬುರಗಿಯ ಕುಸನೂರಿನಲ್ಲಿ. ಕೆಲಸ ಕಮಲಾಪುರದಲ್ಲಿ, ಊರಿನ ಹತ್ತಾರು ಜನ ಸೇರಿ ನಡೆಸುವ ಒಂದು ಸಣ್ಣ ವಾಚನಾಲಯದಲ್ಲಿ. ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು, ಹರಿದ ಹಾಳೆಗೆ ಅಂಟು ಹಚ್ಚುವುದು. ಇದರ ಜೊತೆಗೆ ಮೂರು ವರ್ಷದಿಂದ ಶನಿವಾರ ಸಂಜೆ ನಾಲ್ಕು ಗಂಟೆಗೆ ಅಲ್ಲಿನ ಹಾಲ್‌ನಲ್ಲಿ ಒಂದು ಸಿನಿಮಾ ತೋರಿಸುತ್ತೇನೆ. ಹೆಚ್ಚಾಗಿ ಥ್ರಿಲ್ಲರ್. ಅದು ಯಾರೂ ಹೇಳಿ ಹಚ್ಚಿದ ಕೆಲಸವಲ್ಲ. ಆದ್ದರಿಂದಲೇ ಅದರ ಮೇಲೆ ನನಗೆ ಜೀವ. ಆ ಶನಿವಾರಗಳು ಕೈತಪ್ಪಿ ಹೋಗುವ ಹೊತ್ತು ಬಂದಿತ್ತು.

ಕಥಾಸಾರ

ನಮ್ಮ ವಾಚನಾಲಯದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಹರೆಯದಲ್ಲಿ ಊರ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

‘ಏನ್ರೀ ಇದು? ಎರಡು ತಾಸು ಮಂದಿನ್ನ ಅಂಜಿಸಿ ಕಳಿಸೂದು ವಾಚನಾಲಯದ ಕೆಲಸಾನ?’

‘ಅಂಜಾಕ ಅವರಾಗೇ ಬರ್ತಾರ್ರೀ ಸರ.’

‘ಬರಲಿ. ಆದ್ರ ಬಾಗಲದ ಬೋರ್ಡಿನ ಮ್ಯಾಲ ಕಥಾಸಾರ ಬರೀರಿ. ಮೊದಲ ಏನಾಗ್ತದ, ಆಮ್ಯಾಲ ಏನಾಗ್ತದ, ಕಡೀಗಿ ಖೂನಿ ಮಾಡಿದವ ಯಾರು, ಎಲ್ಲಾ. ಮಂದಿ ತಿಳಕೊಂಡು, ಸಮಾಧಾನದಿಂದ ಕುಂತು ನೋಡಬೇಕು.’

‘ಸಮಾಧಾನ ಆದ್ರ ಎದ್ದು ಹೋಗ್ತಾರ್ರೀ.’

‘ಯಾಕ ಹೋಗ್ತಾರ? ನಮ್ಮ ನಾಟಕದ ಕರಪತ್ರದಾಗ ಕಥಿ ಪೂರಾ ಛಾಪಿಸ್ತಿದ್ವಿ. ಕಡೀ ಪ್ರವೇಶದಾಗ ರಾಜಾ ಸಾಯ್ತಾನ ಅಂತ ಮೊದಲೇ ಗೊತ್ತಿರ್ತಿತ್ತು. ಮಂದಿ ಬರಲಿಲ್ಲೇನು?’

‘ಬಂದಿರಬೇಕು. ಹಾಡು ಕೇಳಾಕ.’

‘ರಾಜಾ ಸಾಯೂ ಮುಂದ ಕಣ್ಣೀರು ಹಾಕಲಿಲ್ಲೇನು?’

‘ಹಾಕಿರಬೇಕು. ಸಾಯೂಕಿಂತ ಮೊದಲ ಆ ರಾಜಾ ಒಂದು ತಾಸು ಹಾಡ್ತಿದ್ದ ಅಂತ ಕೇಳೀನಿ.’

ಅಧ್ಯಕ್ಷರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಆಮೇಲೆ ಹೇಳಿದರು: ‘ಆ ರಾಜನ ಪಾರ್ಟು ನಂದೇ.’

ಅಲ್ಲಿಗೆ ರಾಜಿಯ ದಾರಿ ಮುಚ್ಚಿತು. ಮೂರು ವಾರ ಗಡುವು ಕೊಟ್ಟರು. ಮೂರನೆಯ ಶನಿವಾರ ಬೋರ್ಡಿನ ಮೇಲೆ ಕಥಾಸಾರ ಇರಬೇಕು. ಇಲ್ಲದಿದ್ದರೆ ಹಾಲಿನ ಕೀಲಿ ಅವರ ಕೈಗೆ ಕೊಡಬೇಕು, ಶನಿವಾರದ ಆಟ ಅಂದಿಗೆ ಬಂದ್.

‘ವಿಚಾರ ಮಾಡಿ ಹೇಳ್ರಿ,’ ಎಂದರು.

‘ಮಾಡೀನ್ರೀ. ಬರಿಯಂಗಿಲ್ಲ.’

‘ಯಾವಾಗ ಮಾಡಿದ್ರಿ?’

‘ನೀವು ಒಳಗ ಬರೂಕಿಂತ ಮೊದಲ.’

ಆ ಮೂರು ವಾರ ಕಲಬುರಗಿ–ಕಮಲಾಪುರ ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ. ಥ್ರಿಲ್ಲರ್ ಸಿನಿಮಾದಲ್ಲಿ ಏನಿದೆ ಎಂದು ಪುಸ್ತಕಗಳಲ್ಲಿ ಬೇಕಾದಷ್ಟು ಓದಿದ್ದೇನೆ. ಆದರೆ ನೆನಪಿಗೆ ಬಂದದ್ದು ಪುಸ್ತಕಗಳಲ್ಲ, ನಮ್ಮ ಮಂದಿ.

ಡಾಕ್ಟರ್ ಮೇಲೆ ಒಂದು ಕಣ್ಣು

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಇದ್ದಾರೆ. ಯಾವ ಸಿನಿಮಾ ಬಂದರೂ ಮೊದಲ ದಿನವೇ ನೋಡಿ ಬರುತ್ತಾರೆ. ಮರುದಿನ ಮುಂಜಾನೆ ಕಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಾರೆ. ನಾನು ಗಿಡಕ್ಕೆ ನೀರು ಹಾಕಲು ಹೊರಗೆ ಬರಲೇಬೇಕಲ್ಲ.

‘ಹೊಸಾದು ನೋಡಿದೆ. ಭಾಳ ಛಲೋ ಅದ. ನಾ ಏನೂ ಹೇಳಂಗಿಲ್ಲ, ನೀವ ನೋಡ್ರಿ.’

‘ಉಪಕಾರ ಆತ್ರಿ.’

‘ಆದ್ರ ಅದರಾಗ ಒಬ್ಬ ಡಾಕ್ಟರ್ ಬರ್ತಾನ. ಅವನ ಮ್ಯಾಲ ಒಂದು ಕಣ್ಣಿಡ್ರಿ. ಇಷ್ಟ ಹೇಳ್ತೀನಿ, ಇನ್ನ ಹೇಳಂಗಿಲ್ಲ.’

ಇನ್ನು ಹೇಳಲು ಉಳಿದದ್ದೇನು? ನಾನು ಹಟಕ್ಕೆ ಬಿದ್ದು ಅಂದೇ ಹೋದೆ. ಡಾಕ್ಟರ್ ಮೇಲೆ ಒಂದಲ್ಲ, ಎರಡೂ ಕಣ್ಣಿಟ್ಟೆ. ಅವನು ಕೈ ತೊಳೆದುಕೊಂಡ. ಅಷ್ಟು ಹೊತ್ತು ಯಾಕೆ ತೊಳೆಯುತ್ತಾನೆ ಎಂದುಕೊಂಡೆ. ಚೀಟಿ ಬರೆದ; ಪೆನ್ನು ಎಡಗೈಯಲ್ಲಿತ್ತು. ಚಹಾ ತಂದುಕೊಟ್ಟವಳಿಗೆ ಸಕ್ಕರೆ ಬೇಡ ಎಂದ. ಅದರಲ್ಲೂ ನನಗೆ ಒಂದು ಸಂಚು ಕಂಡಿತು. ಇಡೀ ಸಿನಿಮಾದಲ್ಲಿ ಅವನು ಬಂದದ್ದು ನಾಲ್ಕೇ ಸಲ. ನಾಲ್ಕೂ ಸಲ ಮುಂದಿನ ಸೀಟಿನವರ ತಲೆಯ ಪಕ್ಕಕ್ಕೆ ವಾಲಿ ಅವನನ್ನೇ ನೋಡಿದೆ. ಕೊನೆಗೆ ನೋಡಿದರೆ ಖೂನಿ ಮಾಡಿದವನು ಬೇರೆಯೇ ಒಬ್ಬ. ಡಾಕ್ಟರ್ ಬರೀ ಡಾಕ್ಟರ್.

ಮರುದಿನ ನಾನೇ ಗೋಡೆಯ ಬಳಿ ಹೋದೆ. ‘ಏನ್ರೀ, ಡಾಕ್ಟರ್ ಏನೂ ಮಾಡಿಲ್ಲಲ್ಲ?’

ಎಂಜಿನಿಯರ್ ಮುಖ ಅರಳಿತು. ‘ಹೌದೇನು? ಮತ್ತ ಯಾರ್ರೀ? ನಂಗ ಇಂಟರ್ವಲ್ ಆದಮ್ಯಾಲ ನಿದ್ದಿ ಹತ್ತಿಬಿಡ್ತು. ಮುಖ ನೋಡಿದ್ರ ಡಾಕ್ಟರ್ ಅನಿಸಿತ್ತು. ಹೇಳ್ರಿ, ಯಾರು?’

‘ಹೇಳಂಗಿಲ್ಲ,’ ಎಂದು ನೀರಿನ ಪೈಪು ಎತ್ತಿಕೊಂಡೆ.

ಈಗಲೂ ಅವರಿಗೆ ಗೊತ್ತಿಲ್ಲ, ಆದ್ದರಿಂದ ಡಾಕ್ಟರ್ ಮೇಲಿನ ಅನುಮಾನವನ್ನೂ ಪೂರ್ತಿ ಬಿಟ್ಟಿಲ್ಲ. ಆ ಸಿನಿಮಾ ಊರು ಬಿಟ್ಟು ಹೋಗಿ ಎಷ್ಟೋ ದಿನವಾಯಿತು. ಮೊನ್ನೆ ಅವರಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ತಪಾಸಣೆ ಮಾಡುವ ಡಾಕ್ಟರನ್ನು ಅವರು ನೋಡುತ್ತಿದ್ದ ರೀತಿ ಕಂಡು, ನರ್ಸ್ ನನ್ನ ಬಳಿ ಬಂದು ಕೇಳಿದಳು: ‘ಇವರಿಗೆ ಡಾಕ್ಟರ್ ಜೋಡಿ ಏನರ ಹಳೇ ಜಗಳ ಅದ ಏನ್ರಿ?’

ಲಕ್ಷ ಬತ್ತಿ

ನಮ್ಮ ಅವ್ವ ಲಕ್ಷ ಬತ್ತಿಯ ವ್ರತ ಹಿಡಿದಿದ್ದಳು. ಹತ್ತಿಯಿಂದ ಒಂದು ಲಕ್ಷ ಹೂಬತ್ತಿ ಹೊಸೆದು ದೇವರ ಮುಂದೆ ಹಚ್ಚಬೇಕು. ದಿನಾ ಸಂಜೆ ಟಿವಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದಳು. ಕಣ್ಣು ಟಿವಿಯ ಕಡೆ, ಬೆರಳು ಹತ್ತಿಯ ಕಡೆ. ಧಾರಾವಾಹಿಯಲ್ಲಿ ಯಾರು ಅತ್ತರೂ ಯಾರು ಸತ್ತರೂ ಬೆರಳು ನಿಲ್ಲುತ್ತಿರಲಿಲ್ಲ.

ನಾನು ಥ್ರಿಲ್ಲರ್ ಹಾಕಿದರೆ ಮಾತ್ರ ಅವಳದೊಂದು ಪ್ರಶ್ನೆ: ‘ಇಂವಾ ಒಳ್ಳೆಯಂವನೋ ಕೆಟ್ಟಂವನೋ?’

‘ಮುಂದ ಗೊತ್ತಾಗ್ತದ, ನೋಡವ್ವಾ.’

‘ಮುಂದ ಗೊತ್ತಾದ್ರ ನಾ ಈಗ ಯಾರ ಸಲುವಾಗಿ ಅಂಜಲಿ?’

ಸಸ್ಪೆನ್ಸಿನ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ಮಾತನ್ನು ಯಾರೂ ಬರೆದಿಲ್ಲ. ಯಾರೋ ಒಬ್ಬರ ಜೀವ ನಮಗೆ ಬೇಕು ಅನ್ನಿಸಬೇಕು. ಆಮೇಲೆ ಬಾಗಿಲು ಕಿರ್ ಎಂದರೂ ಸಾಕು. ಅನ್ನಿಸದಿದ್ದರೆ ನೂರು ಪಿಸ್ತೂಲು ಹಾರಿದರೂ ಆಕಳಿಕೆ.

ಅಂದಿನಿಂದ ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಅವ್ವನ ಬೆರಳು ನೋಡತೊಡಗಿದೆ. ಬತ್ತಿ ಹೊಸೆಯುವುದು ನಡೆದೇ ಇದ್ದರೆ ಆ ಸಿನಿಮಾ ಬೇಡ. ಬೆರಳು ನಡುವೆಯೇ ನಿಂತು, ಹತ್ತಿ ಮಡಿಲಲ್ಲೇ ಉಳಿದರೆ ಅದು ಮುಂದಿನ ಶನಿವಾರ ಕಮಲಾಪುರಕ್ಕೆ. ಈ ಪರೀಕ್ಷೆ ಒಂದು ಸಲವೂ ತಪ್ಪಲಿಲ್ಲ.

ಒಂದು ದಿನ ಅವ್ವ ರಿಮೋಟು ತೆಗೆದು ತನ್ನ ದೇವರ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಳು. ನಾನು ಯಾಕೆಂದು ಕೇಳಿದೆ.

‘ದೀಪ ಹಚ್ಚೋ ದಿವಸ ಹತ್ರ ಬಂತು. ಬತ್ತಿ ಇನ್ನೂ ಅರ್ಧಾನೂ ಆಗಿಲ್ಲ. ಭಟ್ರು ಯಾಕ ತಡ ಅಂತ ಕೇಳ್ಲಿಕ್ಕತ್ತಾರ. ದೇವರಿಗೆ ನಾ ಏನಂತ ಹೇಳ್ಲೋ? ಮಗಾ ಮನಿಯಾಗ ದಿನಾ ಒಂದು ಖೂನಿ ಮಾಡಸ್ತಾನ ಅಂತ ಹೇಳ್ಲೇನು?’

ಬೀಗರ ಬಸ್ಸು

ನಮ್ಮ ಅಣ್ಣನ ಮಗನ ಮದುವೆ. ಹುಡುಗಿಯ ಕಡೆಯವರು ಕಮಲಾಪುರದವರು, ಮದುವೆಯೂ ಅಲ್ಲಿಯೇ. ನಾವು ಗಂಡಿನ ಕಡೆಯವರು ಮುಂಜಾನೆ ಕಲಬುರಗಿಯಿಂದ ಬಸ್ಸು ಮಾಡಿಕೊಂಡು ಹೊರಟೆವು. ಬಸ್ಸಿನಲ್ಲಿ ಟಿವಿ ಇತ್ತು. ಮೋಮಿನಪುರದ ಡ್ರೈವರ್ ಒಂದು ಥ್ರಿಲ್ಲರ್ ಹಾಕಿದರು. ಬೀಗ ಹಾಕಿದ ಒಂದು ಪೆಟ್ಟಿಗೆ. ಅದರ ಸಲುವಾಗಿ ಮೂರು ಜನ ಸತ್ತಿದ್ದಾರೆ. ಅದರೊಳಗೆ ಏನಿದೆ ಎಂಬುದೇ ಸಿನಿಮಾ.

ಟಿವಿ ಇದ್ದದ್ದು ಡ್ರೈವರ್ ತಲೆಯ ಹಿಂದೆ. ಅವರಿಗೆ ಸದ್ದು ಮಾತ್ರ, ಚಿತ್ರವಿಲ್ಲ. ಸಂಗೀತ ಏರಿದಾಗಲೆಲ್ಲ ರಸ್ತೆ ನೋಡುತ್ತಲೇ ಕೂಗುತ್ತಿದ್ದರು: ‘ಕ್ಯಾ ಹುವಾ? ಪೇಟಿ ಖೋಲೇ ಕ್ಯಾ?’

ಬಸ್ಸಿನವರೆಲ್ಲ ಒಂದೇ ದನಿಯಲ್ಲಿ: ‘ಪೆಟ್ಟಿಗಿ ಇನ್ನೂ ತಗದಿಲ್ರೀ!’

ಕಮಲಾಪುರದ ಮಂಟಪದ ಮುಂದೆ ಬಸ್ಸು ನಿಂತಾಗ ಪೆಟ್ಟಿಗೆಯ ಬೀಗಕ್ಕೆ ಕೈ ಬಿದ್ದಿತ್ತು. ಹೊರಗೆ ಬಾಜಾ ಶುರುವಾಯಿತು. ಐದು ಮಂದಿ ಮುತ್ತೈದೆಯರು ಆರತಿ ಹಿಡಿದು ನಿಂತರು. ಒಬ್ಬರೂ ಕೆಳಗೆ ಇಳಿಯಲಿಲ್ಲ. ಡ್ರೈವರ್ ಕೂಡ ಸೀಟಿನ ಮೇಲೆ ಹಿಂದಕ್ಕೆ ತಿರುಗಿ ಕುಳಿತಿದ್ದರು.

ನಮ್ಮ ಕಡೆ ಗಂಡಿನವರು ಬಸ್ಸಿನಿಂದ ಇಳಿಯಲಿಲ್ಲ ಎಂದರೆ ಅರ್ಥ ಒಂದೇ: ಬೀಗರು ಮುನಿಸಿಕೊಂಡಿದ್ದಾರೆ, ರಮಿಸಬೇಕು. ಹುಡುಗಿಯ ತಂದೆ ಓಡಿ ಬಂದು ಕಿಟಕಿಯ ಕೆಳಗೆ ಕೈಮುಗಿದರು.

‘ತಪ್ಪಾತ್ರೀ ಬೀಗರ. ಮುಂಜಾನಿ ದಾರ್ಯಾಗಿನ ನಾಷ್ಟಾಕ್ಕ ಬರೇ ಸುಸಲಾ-ಮಿರ್ಚಿ ಕಳಿಸಿದ್ವಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.’

ನಮ್ಮಣ್ಣ ಟಿವಿಯಿಂದ ಕಣ್ಣು ಕೀಳದೆ, ‘ಐದು ನಿಮಿಷ ತಡೀರಿ,’ ಎಂದ.

ಆ ದನಿ ಅವರಿಗೆ ಬಿರುಸಾಗಿ ಕೇಳಿರಬೇಕು. ಮಂಟಪದ ಕಡೆ ತಿರುಗಿ ಕೂಗಿದರು: ‘ಲಗೂನ ಶಿರಾ ಮಾಡಸ್ರಿ! ತುಪ್ಪ ಮುಂದಿರಲಿ!’

ರಮಿಸಲು ಹುಡುಗಿಯ ಸೋದರಮಾವ ಬಸ್ಸು ಹತ್ತಿದರು. ಕೈಮುಗಿದರು, ಟಿವಿ ನೋಡಿದರು, ಮೆಟ್ಟಿಲ ಮೇಲೆ ಕುಳಿತರು. ಅವರನ್ನು ಕರೆತರಲು ದೊಡ್ಡಪ್ಪ ಹತ್ತಿದರು, ಅವರೂ ಬರಲಿಲ್ಲ. ಕೊನೆಗೆ ಭಟ್ಟರೇ ಪಂಚಾಂಗ ಹಿಡಿದು ಹತ್ತಿದರು. ‘ಮುಹೂರ್ತ ಮೀರ್ತದ್ರಿ,’ ಎಂದರು. ಒಂದು ನಿಮಿಷ ಬಿಟ್ಟು ಪಕ್ಕದವರನ್ನು ಕೇಳಿದರು: ‘ಆ ಪೆಟ್ಟಿಗಿ ಯಾರದು?’

ಆಗ ಹುಡುಗಿಯ ತಾಯಿ ಬಂದರು. ಅವರು ಬಸ್ಸು ಹತ್ತಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆಗೆದು, ಕೈ ಹಾಕಿ ಗಾಡಿಯ ಕೀಲಿ ತಿರುವಿದರು. ಎಂಜಿನ್ ನಿಂತಿತು, ಟಿವಿಯೂ ಆರಿತು. ಪೆಟ್ಟಿಗೆಯ ಮುಚ್ಚಳ ಒಂದು ಬೆರಳಷ್ಟು ಎದ್ದಿತ್ತು.

ಅಂತರಪಟ ಹಿಡಿಯುವಾಗ ಬಟ್ಟೆಯ ಒಂದು ತುದಿ ನನ್ನ ಕೈಯಲ್ಲಿತ್ತು. ಹುಡುಗ ಹುಡುಗಿ ಆರು ತಿಂಗಳಿಂದ ದಿನಾ ಫೋನಿನಲ್ಲಿ ಮಾತಾಡಿದವರು. ಆ ಬಟ್ಟೆಯ ಆಚೆ ಯಾರಿದ್ದಾರೆಂದು ಇಡೀ ಮಂಟಪಕ್ಕೆ ಗೊತ್ತು. ಆದರೂ ಎಲ್ಲರೂ ತುದಿಗಾಲ ಮೇಲೆ ನಿಂತಿದ್ದರು. ಒಂದು ಮೊಳ ಬಟ್ಟೆ, ಸ್ವಲ್ಪ ತಡ. ಥ್ರಿಲ್ಲರ್ ಮಾಡುವವರು ಬಂದು ಇದನ್ನು ನೋಡಬೇಕು ಎಂದುಕೊಂಡೆ.

ಅಷ್ಟರಲ್ಲಿ ಹುಡುಗ ನನ್ನ ಕಡೆ ವಾಲಿದ. ಮಂಗಳಾಷ್ಟಕದ ಗದ್ದಲದಲ್ಲಿ ಮೆಲ್ಲಗೆ ಕೇಳಿದ: ‘ಕಾಕಾ, ನೀವು ಆ ಪಿಚ್ಚರ್ ನೋಡೀರಿ. ಪೆಟ್ಟಿಗಿಯೊಳಗ ಏನಿತ್ತು?’

‘ಹೇಳಂಗಿಲ್ಲ.’

‘ಇವತ್ತರ ಹೇಳ್ರೀ ಕಾಕಾ. ನನ್ನ ಮದವಿ ಅದ.’

‘ಅದಕ್ಕ ಹೇಳಂಗಿಲ್ಲ.’

ಆಗ ಬಟ್ಟೆಯ ಆಚೆಯಿಂದ ಒಂದು ಸಣ್ಣ ದನಿ ಬಂತು: ‘ಖಾಲಿ ಇರ್ತದ. ನಾ ನೋಡೀನಿ.’

ಅಂತರಪಟ ಸರಿಯಿತು. ಅಕ್ಷತೆ ಬಿತ್ತು. ಹುಡುಗನ ಇಳಿದ ಮುಖ ನೋಡಿ ಹುಡುಗಿಯ ತಂದೆ ಬೆವರು ಒರೆಸಿಕೊಂಡು ನಮ್ಮಣ್ಣನಿಗೆ ಹೇಳಿದರು: ‘ಶಿರಾ ಆದ್ರೂ ಮುನಿಸು ಇನ್ನೂ ಹೋಗಿಲ್ಲಲ್ರೀ ಬೀಗರ!’

ಒಬ್ಬ ಹೆಣ್ಮಗಳ ಜೀವದ ಪ್ರಶ್ನೆ

ಗಡುವಿನ ಶನಿವಾರ ಬಂತು. ಬೋರ್ಡಿನ ಮೇಲೆ ನಾನು ಸಿನಿಮಾದ ಹೆಸರು ಬರೆದೆ, ನಾಲ್ಕು ಗಂಟೆ ಎಂದು ಬರೆದೆ. ಕೈ ಝಾಡಿಸಿಕೊಂಡೆ. ಕೀಲಿ ಕೊಡಬೇಕಾದರೆ ಕೊಡುವುದು. ಕೊನೆಯನ್ನು ಮಾತ್ರ ಕೊಡುವುದಿಲ್ಲ.

ಮೂರೂವರೆಗೆ ಅಧ್ಯಕ್ಷರು ಬಂದರು. ಜೇಬಿನಲ್ಲಿ ತಮ್ಮದೇ ಒಂದು ಸೀಮೆಸುಣ್ಣ. ಬೋರ್ಡು ನೋಡಿದರು.

‘ಬರೀಲಿಲ್ಲ ಹಂಗಾದ್ರ.’

‘ಇಲ್ರೀ ಸರ.’

‘ಖೂನಿಗಾರ ಯಾರು ಹೇಳ್ರಿ. ನಾನ ಬರೀತೀನಿ.’

‘ಹೇಳಂಗಿಲ್ರೀ.’

ಹೊರಗೆ ನಿಂತಿದ್ದ ಜನ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅಧ್ಯಕ್ಷರು ಸೀಮೆಸುಣ್ಣ ಮತ್ತೆ ಜೇಬಿಗೆ ಹಾಕಿದರು.

‘ಆತು. ಕುಂತು ನಾನ ನೋಡ್ತೀನಿ. ಮುಗಿದ ಮ್ಯಾಲ ಬೋರ್ಡ್ ತುಂಬ ಬರೀತೀನಿ. ಕೀಲೀನೂ ಅವಾಗ ತಗೋತೀನಿ.’

ಮೊದಲ ಸಾಲಿನ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಸಿನಿಮಾ ನೋಡಲು ಬಂದವನಲ್ಲ ಎಂದು ತೋರಿಸಲು ಬಾಗಿಲ ಕಡೆ ಮುಖ ಮಾಡಿ ಕುಳಿತರು. ಕಿಟಕಿಗಳಿಗೆ ಜಮಖಾನ ಹಾಕಿ ಆಟ ಶುರು ಮಾಡಿದೆ. ಒಂಟಿಯಾಗಿ ಇರುವ ಒಬ್ಬ ಹೆಂಗಸು. ಅವಳಿಗೆ ದಿನಾ ಒಂದು ಕಾಗದ ಬರುತ್ತದೆ. ಬರೆಯುವವನು ಅವಳ ಮನೆಯ ಒಳಗಿನದೆಲ್ಲ ಬಲ್ಲವನು. ಅರ್ಧ ತಾಸಿಗೆ ಅಧ್ಯಕ್ಷರ ಕುರ್ಚಿ ಸ್ವಲ್ಪ ತಿರುಗಿತು. ಒಂದು ತಾಸಿಗೆ ಪೂರ್ತಿ ತಿರುಗಿತು. ಆಮೇಲೆ ಅದು ಒಂದು ಗೇಣು ಮುಂದಕ್ಕೂ ಸರಿಯಿತು.

ಇನ್ನು ಹತ್ತು ನಿಮಿಷ ಉಳಿದಿತ್ತು. ಹೊರಗೆ ಬೇಸಿಗೆಯ ಗಾಳಿ ಎದ್ದಿತ್ತು. ಸಿನಿಮಾದಲ್ಲಿ ಬಾಗಿಲು ಬಡಿದ ಸದ್ದಾಯಿತು. ಆ ಹೆಂಗಸು ಎದ್ದಳು. ಅಗುಳಿಯ ಮೇಲೆ ಕೈ ಇಟ್ಟಳು. ಕರೆಂಟ್ ಹೋಯಿತು.

ಕತ್ತಲಲ್ಲಿ ಮೊದಲು ಕೇಳಿದ್ದು ಅಧ್ಯಕ್ಷರ ದನಿ: ‘ತಗೀಬ್ಯಾಡ ಯವ್ವಾ!’

ಜಮಖಾನ ಸರಿಸಿದೆ. ಯಾರೂ ಮೇಲೆ ಎದ್ದಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಬಾಳೆಹಣ್ಣು ಮಾರುವ ಒಬ್ಬಾಕೆ ಬುಟ್ಟಿಯ ಸಮೇತ ಬಂದು ಕುಳಿತಿದ್ದಳು. ‘ಯಣ್ಣಾ, ಮುಂದಿಂದು ಹೇಳ್ರಿ. ಒಂದು ಡಜನ್ ಕೆಂಪು ಬಾಳಿಹಣ್ಣು ಕೊಡ್ತೀನಿ,’ ಎಂದಳು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ನಾನು ಹಿಂದೆ ಎಷ್ಟೋ ಸಲ ಸೋತಿದ್ದೇನೆ. ಅಂದು ಸೋಲಲಿಲ್ಲ.

ಅಧ್ಯಕ್ಷರು ಎದ್ದು ನಿಂತರು. ‘ಅಧ್ಯಕ್ಷ ಅಂತ ಕೇಳಾಕತ್ತೀನಿ. ಎಲ್ಲಾ ಬ್ಯಾಡ. ಆಕೀ ಬಾಗಲಾ ತಗೀತಾಳೋ ಇಲ್ಲೋ, ಅಷ್ಟರ ಹೇಳ್ರಿ.’

‘ಹೇಳಂಗಿಲ್ರೀ ಸರ. ಕೀಲಿ ಬೇಕಾದ್ರ ಈಗ ತಗೋರಿ.’ ಜೇಬಿನಿಂದ ತೆಗೆದು ಮುಂದೆ ಹಿಡಿದೆ.

‘ಕೀಲಿ ತಗೊಂಡು ಏನ್ ಮಾಡಲಿ? ಆಕೀ ಅಲ್ಲಿ ನಿಂತಾಳ!’

ಫೋನು ತೆಗೆದು ಕರೆಂಟ್ ಆಫೀಸಿಗೆ ಹಚ್ಚಿದರು. ಆಚೆ ಕಡೆಯವರು ಎಲ್ಲಿಯೋ ಗಿಡದ ಟೊಂಗೆ ತಂತಿಯ ಮೇಲೆ ಬಿದ್ದಿದೆ, ತೆಗೆಯುತ್ತಿದ್ದೇವೆ ಎಂದಿರಬೇಕು. ಅಧ್ಯಕ್ಷರ ದನಿ ನಾಟಕದ ದಿನಗಳಷ್ಟು ಎತ್ತರಕ್ಕೆ ಹೋಯಿತು.

‘ಲಗೂ ಮಾಡ್ರಿ! ಒಬ್ಬ ಹೆಣ್ಮಗಳ ಜೀವದ ಪ್ರಶ್ನೆ ಅದ! ಮನಿಯಾಗ ಒಬ್ಬಾಕೀನ ಅದಾಳ, ಕೈಯಾಗ ಬ್ಯಾಟರಿ ಸುದ್ದಾ ಇಲ್ಲ. ಆಕೀನ್ನ ಕೊಲ್ಲಾಕ ಬಂದಂವ ಬಾಗಲದ ಹೊರಗ ನಿಂತಾನ! ಎಲ್ಲಿ ಅಂದ್ರ? ಇಲ್ಲೇ, ವಾಚನಾಲಯದಾಗ!’

ಹಾಲಿನಲ್ಲಿದ್ದ ಒಬ್ಬರಿಗೂ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ‘ಹೌದ್ರೀ, ಹೌದು,’ ಎಂದು ಹಿಂದಿನಿಂದ ಇಬ್ಬರು ದನಿಗೂಡಿಸಿದರು.

ಆಚೆ ಕಡೆಯವರು ಜವಾಬ್ದಾರಿಯ ಮನುಷ್ಯರು. ಸ್ವಲ್ಪ ಹೊತ್ತಿಗೆ ಕರೆಂಟ್ ಕೊಟ್ಟರು. ಜೊತೆಗೆ ಪೊಲೀಸ್ ಠಾಣೆಗೂ ಒಂದು ಫೋನು ಮಾಡಿದರು.

ಆಟ ಮುಂದುವರಿಯಿತು. ಬಾಗಿಲು ತೆರೆಯಿತು. ಹೊರಗೆ ನಿಂತವನ ಮುಖ ಒಂದೇ ಕ್ಷಣ ಕಂಡಿತು. ಬಾಳೆಹಣ್ಣಿನಾಕೆ ಬುಟ್ಟಿ ತಬ್ಬಿಕೊಂಡಳು. ಅದಾಗಿ ಒಂದು ನಿಮಿಷಕ್ಕೆ ನಮ್ಮ ಹಾಲಿನ ಬಾಗಿಲೂ ತೆರೆಯಿತು. ಲಾಠಿ ಹಿಡಿದು ಹವಾಲ್ದಾರರು ಓಡಿ ಬಂದಿದ್ದರು. ‘ಎಲ್ಲಿ? ಎಲ್ಲಿ ಆ ಹೆಣ್ಮಗಳು?’

‘ಶ್!’ ಎಂದರು ನಲವತ್ತು ಜನ. ಬಾಳೆಹಣ್ಣಿನಾಕೆ ಅವರ ಅಂಗಿ ಹಿಡಿದು ಕೆಳಗೆ ಎಳೆದಳು. ಅವರು ಕುಳಿತರು. ಬೆಳ್ಳಿತೆರೆಯ ಮೇಲೆ ಆ ಹೆಂಗಸು ಜೀವ ಉಳಿಸಿಕೊಳ್ಳಲು ಓಡುತ್ತಿದ್ದಳು, ಹಿಂದೆ ಬರುವವನ ಬೆನ್ನು ಮಾತ್ರ ಕಾಣುತ್ತಿತ್ತು. ಹವಾಲ್ದಾರರು ಲಾಠಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೊನೆಯವರೆಗೂ ಕುಳಿತರು. ಹೆಂಗಸು ಉಳಿದಳು. ಸಿನಿಮಾ ಮುಗಿಯಿತು.

ಹೊರಗೆ ಬೋರ್ಡಿನ ಮುಂದೆ ಅಧ್ಯಕ್ಷರು ಸೀಮೆಸುಣ್ಣ ಹಿಡಿದು ನಿಂತಿದ್ದರು. ನಾನು ಕೀಲಿ ಹಿಡಿದು ಅವರ ಪಕ್ಕದಲ್ಲಿ ನಿಂತೆ. ಅವರು ಸಿನಿಮಾದ ಹೆಸರು ನೋಡಿದರು, ಅದರ ಕೆಳಗಿನ ಖಾಲಿ ಜಾಗ ನೋಡಿದರು. ಕೈ ಎತ್ತಿದರು, ಇಳಿಸಿದರು.

ಅಷ್ಟರಲ್ಲಿ ಹವಾಲ್ದಾರರು ಬಂದರು. ಟೋಪಿ ಸರಿಮಾಡಿಕೊಂಡು, ಸಣ್ಣ ಪುಸ್ತಕ ತೆಗೆದರು.

‘ಫೋನ್ ಮಾಡಿದವರು ಯಾರು?’

‘ನಾನು,’ ಎಂದರು ಅಧ್ಯಕ್ಷರು.

‘ಒಬ್ಬ ಹೆಣ್ಮಗಳನ್ನ ಕೊಲ್ಲಾಕ ಬಂದಾನ ಅಂತ ಹೇಳಿದವರು ನೀವ?’

‘ನಾನ.’

‘ಬಂದವ ಯಾರು? ನಾ ಬರೂದ್ರೊಳಗ ಅವನ ಮುಖ ಹೋಗಿಬಿಟ್ಟಿತ್ತು. ಹೆಸರು ಹೇಳ್ರಿ.’

ಪೊಲೀಸರಾಗಿ ಕೇಳಿದರೋ ಪ್ರೇಕ್ಷಕರಾಗಿ ಕೇಳಿದರೋ ನನಗೆ ತಿಳಿಯಲಿಲ್ಲ. ಪೆನ್ನು ಮಾತ್ರ ಪುಸ್ತಕದ ಮೇಲೆ ಕಾಯುತ್ತಿತ್ತು. ನಮ್ಮ ಅಧ್ಯಕ್ಷರು ಮೂವತ್ತೈದು ವರ್ಷ ಹೆಡ್‌ಮಾಸ್ತರಿಕೆ ಮಾಡಿದವರು, ಸರ್ಕಾರಿ ಬಟ್ಟೆ ಹಾಕಿದವರ ಎದುರು ಎಂದೂ ಇಲ್ಲ ಎಂದವರಲ್ಲ. ಅವರು ನನ್ನ ಕೈಯಲ್ಲಿದ್ದ ಕೀಲಿಯನ್ನು ನನ್ನ ಜೇಬಿಗೇ ತುರುಕಿದರು. ಹವಾಲ್ದಾರರ ಕಡೆ ತಿರುಗಿ, ಎದೆ ಮುಂದೆ ಮಾಡಿ ನಿಂತರು.

‘ಒಯ್ದು ಒಳಗ ಹಾಕಿದ್ರೂ ಹೇಳಂಗಿಲ್ರೀ ಸಾಹೇಬ್ರ. ಶನಿವಾರ ನಾಕಕ್ಕ ಮತ್ತ ಹಾಕಸ್ತೀನಿ. ಬಂದು, ಮೊದಲಿನಿಂದ ಕುಂತು ನೋಡ್ರಿ.’